ಮಾಸ್ತರರ ಪುರಸೊತ್ತು

ಗದಗ-ರೋಣದ ಕಡೆ ಭೀಮಸೇನ ಜೋಶಿಯವರ ಬಾಲ್ಯದ ಒಂದು ಕಥೆ ಎಲ್ಲರಿಗೂ ಗೊತ್ತು. ಭಜನಾ ಮೇಳವಾಗಲಿ, ಮೆರವಣಿಗೆಯಾಗಲಿ, ಕಿವಿಗೆ ಬಿದ್ದರೆ ಸಾಕು, ಹುಡುಗ ಅದರ ಹಿಂದೆಯೇ ನಡೆದುಬಿಡುತ್ತಿದ್ದ. ಎಲ್ಲೋ ದಣಿದು ಮಲಗಿರುತ್ತಿದ್ದ. ಹುಡುಕಿ ಹುಡುಕಿ ಸೋತ ತಂದೆ ಗುರುರಾಜ ಜೋಶಿಯವರು ಕೊನೆಗೆ ಮಗನ ಅಂಗಿಯ ಮೇಲೆ ‘ಜೋಶಿ ಮಾಸ್ತರರ ಮಗ’ ಎಂದು ಬರೆದರಂತೆ. ಸಿಕ್ಕವರು ತಂದು ಮನೆಗೆ ಬಿಡಲಿ ಎಂದು.

ಕಥೆ ಹೇಳುವವರೆಲ್ಲ ಮಗನ ಹಾಡಿನ ಹುಚ್ಚಿನ ಕಡೆಗೆ ಹೊರಳುತ್ತಾರೆ. ಅದು ಸಹಜವೇ. ಆ ಹುಡುಗ 1933ರಲ್ಲಿ, ಹನ್ನೊಂದನೆಯ ವಯಸ್ಸಿಗೆ, ಗುರುವನ್ನು ಹುಡುಕುತ್ತ ಮನೆ ಬಿಟ್ಟು ಹೋದ, ಮುಂದೆ ಭಾರತರತ್ನನಾದ. ನನ್ನ ಕಣ್ಣು ಮಾತ್ರ ಆ ಅಂಗಿಯ ಮೇಲಿನ ಅಕ್ಷರಗಳ ಮೇಲೆಯೇ ನಿಲ್ಲುತ್ತದೆ. ಮನೆಯ ವಿಳಾಸ ಬೇಕಿಲ್ಲ, ತಂದೆಯ ಪೂರ್ತಿ ಹೆಸರೂ ಬೇಕಿಲ್ಲ. ‘ಮಾಸ್ತರರ ಮಗ’ ಎಂದರೆ ಊರಿಗೆ ಊರೇ ತಿಳಿದುಕೊಳ್ಳುತ್ತಿತ್ತು. ಅಷ್ಟು ಎಲ್ಲರ ಕಣ್ಣಿಗೆ ಬೀಳುವ ಬದುಕು ಅದು. ಆದರೆ ಶಾಲೆ ಬಿಟ್ಟ ಮೇಲೆ, ದೀಪ ಹಚ್ಚುವ ಹೊತ್ತಿನವರೆಗೆ, ಮಾಸ್ತರರು ಏನು ಮಾಡುತ್ತಿದ್ದರು? ಯಾವುದರಲ್ಲಿ ಅವರಿಗೆ ಸುಖವಿತ್ತು?

ಮುಂಬಯಿ ಕರ್ನಾಟಕದ ಪ್ರಾಥಮಿಕ ಶಾಲಾ ಶಿಕ್ಷಕರ ಚರಿತ್ರೆ ನನ್ನ ಸಂಶೋಧನೆಯ ವಿಷಯ. ಈ ಪ್ರಶ್ನೆಗೆ ಪತ್ರಾಗಾರದಲ್ಲಿ ಉತ್ತರ ಸಿಗುವುದಿಲ್ಲ. ಅಲ್ಲಿ ಸಿಗುವುದು ಬೇರೆ. ಧಾರವಾಡ, ಬೆಳಗಾವಿ ಸೀಮೆಯಲ್ಲಿ ಮರಾಠಿಯದೇ ದರ್ಬಾರು ನಡೆದಿದ್ದ ಕಾಲಕ್ಕೆ ಕನ್ನಡ ಶಾಲೆಗಳು ಹೇಗೆ ಹುಟ್ಟಿದವು, ಡೆಪ್ಯುಟಿ ಚನ್ನಬಸಪ್ಪನವರಂಥ ಅಧಿಕಾರಿಗಳು ಅದಕ್ಕಾಗಿ ಹೇಗೆ ದುಡಿದರು, 1923ರ ಮುಂಬಯಿ ಪ್ರಾಥಮಿಕ ಶಿಕ್ಷಣ ಕಾಯ್ದೆ ಬಂದ ಮೇಲೆ ಶಾಲೆಗಳ ಆಡಳಿತ ಲೋಕಲ್ ಬೋರ್ಡುಗಳ ಕೈಗೆ ಹೇಗೆ ಹೋಯಿತು, ಇವೆಲ್ಲ ಇವೆ. ಹಾಜರಿ ಇದೆ, ಪಗಾರ ಇದೆ, ಬದಲಿ ಆದೇಶ ಇದೆ. ತಪಾಸಣೆಗೆ ಬಂದ ಸಾಹೇಬರು ಬರೆದ ‘ಶೇರಾ’ ಇದೆ. ಮಾಸ್ತರ ಎಲ್ಲಿ ತಪ್ಪಿದ, ಎಲ್ಲಿ ಸರಿಯಾಗಿದ್ದ ಎಂಬುದೆಲ್ಲ ಇದೆ. ಹಿಂದಿನ ಶಾಸನಗಳನ್ನು ಓದಿದರೂ ಇದೇ ಅನುಭವ. ಅಕ್ಷರ ಕಲಿಸುವವರಿಗೆ ಎಷ್ಟು ಮತ್ತರು ಭೂಮಿ ಬಿಟ್ಟರು, ಅದರ ಎಲ್ಲೆ ಎಲ್ಲಿಂದ ಎಲ್ಲಿಗೆ ಎಂಬುದನ್ನು ಕಲ್ಲು ನೆನಪಿಟ್ಟಿದೆ. ಆ ಹೊಲದ ಬದುವಿನ ಮೇಲೆ ಕೂತು ಅವರು ಏನು ಗುನುಗಿದರು ಎಂಬುದನ್ನಲ್ಲ.

ಹಾಗೆಂದು ಮಾಸ್ತರರ ಬಿಡುವು ಚರಿತ್ರೆಯಲ್ಲಿ ಇಲ್ಲವೇ ಇಲ್ಲ ಎನ್ನಲಾಗದು. ಇದೆ, ಆದರೆ ವೇಷ ಮರೆಸಿಕೊಂಡು ಇದೆ. ಶಾಂತಕವಿಗಳನ್ನೇ ನೋಡಿ. ಸಕ್ಕರಿ ಬಾಳಾಚಾರ್ಯರು (1856–1920) ಶಾಲಾ ಮಾಸ್ತರರು. ಮರಾಠಿ ನಾಟಕ ಕಂಪನಿಗಳು ನಮ್ಮ ಊರುಗಳಲ್ಲಿ ಠಾಣೆ ಹೂಡಿ ಜನರನ್ನು ಮರುಳು ಮಾಡುತ್ತಿದ್ದ 1870ರ ದಶಕದಲ್ಲಿ, ಗದಗಿನಲ್ಲಿ ಗೆಳೆಯರನ್ನು ಕಟ್ಟಿಕೊಂಡು ಕೃತಪುರ ನಾಟಕ ಮಂಡಳಿಯನ್ನು ಆರಂಭಿಸಿದರು. ‘ಉಷಾಹರಣ’ ಬರೆದರು. ಇಂದು ನಾವು ಇದನ್ನು ಉತ್ತರ ಕರ್ನಾಟಕದ ಕನ್ನಡ ವೃತ್ತಿರಂಗಭೂಮಿಯ ಮೊದಲ ಅಧ್ಯಾಯ ಎಂದು ಓದುತ್ತೇವೆ. ಪರೀಕ್ಷೆಯಲ್ಲಿ ಪ್ರಶ್ನೆಯಾಗಿಯೂ ಬರುತ್ತದೆ. ಆದರೆ ಒಂದು ಕ್ಷಣ ಅದನ್ನು ಶಾಲೆಯ ಗಂಟೆಯ ಲೆಕ್ಕದಲ್ಲಿ ನೋಡಿದರೆ, ಹಗಲೆಲ್ಲ ಮಗ್ಗಿ ಹೇಳಿಸಿ ಗಂಟಲು ಒಣಗಿಸಿಕೊಂಡ ಒಬ್ಬ ಮನುಷ್ಯ ಸಂಜೆ ಮತ್ತೆ ಹಾಡಿಗೆ, ಮಾತಿಗೆ ನಿಂತದ್ದು ಅದು. ನಾಡಿನ ಕೆಲಸ ಎನ್ನುವುದು ಸರಿ. ಖುಷಿಯಿಲ್ಲದೆ ಅಂಥ ಕೆಲಸ ಯಾರಿಂದಲೂ ಆಗುವುದಿಲ್ಲ ಎಂಬುದೂ ಅಷ್ಟೇ ಸರಿ. ಚನ್ನಬಸಪ್ಪನವರು ಶೇಕ್ಸ್‌ಪಿಯರನ ಒಂದು ವಿನೋದ ನಾಟಕವನ್ನು ಕನ್ನಡಕ್ಕೆ ತಂದು ಅದಕ್ಕೆ ‘ನಗದವರನ್ನು ನಗಿಸುವ ಕಥೆ’ ಎಂದು ಹೆಸರಿಟ್ಟರಲ್ಲ, ಆ ಹೆಸರಿನಲ್ಲೇ ಅಧಿಕಾರಿಯ ಕೋಟು ಕಳಚಿಟ್ಟ ಮನುಷ್ಯ ಕಾಣುತ್ತಾನೆ.

ಇದಕ್ಕಿಂತ ದೊಡ್ಡ ಉದಾಹರಣೆ ವಿಜಯಪುರ ಜಿಲ್ಲೆಯ ಹಲಸಂಗಿಯದು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಪಿ. ಧೂಲಾಸಾಹೇಬ ಎಂಬ ಗೆಳೆಯರು ಸೇರಿ ಹಳ್ಳಿಯ ಹಾಡುಗಳನ್ನು ಬರೆದುಕೊಂಡರು. 1931ರಲ್ಲಿ ‘ಗರತಿಯ ಹಾಡು’, 1933ರಲ್ಲಿ ‘ಜೀವನ ಸಂಗೀತ’, 1935ರಲ್ಲಿ ‘ಮಲ್ಲಿಗೆ ದಂಡೆ’ ಹೊರಬಂದವು. ಇವರಲ್ಲಿ ಲಿಂಗಣ್ಣನವರು ಕನ್ನಡ ಶಾಲೆಯ ಮಾಸ್ತರರು. ಮುಂದೆ ಕೊಪ್ಪಳದಲ್ಲಿ ನಡೆದ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆಯವರೆಗೆ ಅವರ ದಾರಿ ಸಾಗಿತು. ಯಾವ ವಿಶ್ವವಿದ್ಯಾಲಯವೂ ಹಣ ಕೊಟ್ಟು ಮಾಡಿಸಿದ ಸಂಗ್ರಹವಲ್ಲ ಇದು. ಕರ್ನಾಟಕ ವಿಶ್ವವಿದ್ಯಾಲಯ ಆಗಿನ್ನೂ ಹುಟ್ಟಿಯೇ ಇರಲಿಲ್ಲ. ಹವ್ಯಾಸ ಎಂಬ ಪದವನ್ನು ನಾವು ಈಗ ಅರ್ಜಿಯ ಕೊನೆಯ ಸಾಲಿನಲ್ಲಿ ತುಂಬುತ್ತೇವೆ. ಇವರ ಹವ್ಯಾಸ ಇಲ್ಲದಿದ್ದರೆ ಕನ್ನಡದ ಜಾನಪದ ವಿಭಾಗಗಳಿಗೆ ಪಠ್ಯವೇ ಇರುತ್ತಿರಲಿಲ್ಲ.

ಇಲ್ಲಿ ಒಂದು ಮಾತು ನನ್ನನ್ನು ಬಹಳ ದಿನದಿಂದ ಕಾಡುತ್ತಿದೆ. ಗರತಿಯ ಹಾಡುಗಳು ಬೀಸುವ ಕಲ್ಲಿನ ಮುಂದೆ ಹುಟ್ಟಿದವು. ಕೋಳಿ ಕೂಗುವ ಮೊದಲೇ ಎದ್ದು ಜೋಳ ಬೀಸುವ ಹೆಂಗಸಿಗೆ ಬಿಡುವು ಎಂಬುದು ಬೇರೆಯಾಗಿ ಇರಲಿಲ್ಲ. ಕೆಲಸದ ಒಳಗೇ ಹಾಡನ್ನು ಹುದುಗಿಸಿಕೊಂಡಿದ್ದಳು. ಅವಳ ದುಡಿಮೆಯ ಹಾಡು ಮಾಸ್ತರರ ಬಿಡುವಿನ ಕೆಲಸವಾಯಿತು. ಇದು ದೂರಲ್ಲ. ಅವರು ಬರೆದಿಡದಿದ್ದರೆ ಬೀಸುವ ಕಲ್ಲಿನ ಸದ್ದಿನೊಡನೆ ಆ ಹಾಡುಗಳೂ ಹೋಗುತ್ತಿದ್ದವು. ಆದರೂ ಪುರಸೊತ್ತಿನ ಚರಿತ್ರೆ ಬರೆಯುವಾಗ ಅದು ಯಾರಿಗೆ ಇತ್ತು ಎಂದು ಕೇಳದೆ ಇರಲಾಗದು. ನಮ್ಮ ಕಡೆ ಶಿಕ್ಷಕಿಯರನ್ನು ‘ಅಕ್ಕೋರು’ ಎನ್ನುತ್ತಾರೆ. ಮೂವತ್ತಕ್ಕೂ ಹೆಚ್ಚು ನಿವೃತ್ತ ಶಿಕ್ಷಕರನ್ನು ಮಾತಾಡಿಸಿದ್ದೇನೆ. ಬಿಡುವಿನಲ್ಲಿ ಏನು ಮಾಡುತ್ತಿದ್ದಿರಿ ಎಂದರೆ ಮಾಸ್ತರರು ನೆನಪು ಮಾಡಿಕೊಳ್ಳುತ್ತಾರೆ, ಅಕ್ಕೋರುಗಳು ನಗುತ್ತಾರೆ. ಆ ನಗುವನ್ನು ಪ್ರಬಂಧದ ಯಾವ ಅಧ್ಯಾಯದಲ್ಲಿ ಹಾಕಬೇಕೋ ತಿಳಿಯದೆ ಹಾಗೇ ಇಟ್ಟುಕೊಂಡಿದ್ದೇನೆ.

ಇನ್ನೊಂದು ಅಂಶ. ಶಾಂತಕವಿಗಳಾಗಲಿ, ಲಿಂಗಣ್ಣನವರಾಗಲಿ ತಮ್ಮ ಬಿಡುವನ್ನು ಊರಿಗೆ, ನಾಡಿಗೆ, ಇನ್ನೊಬ್ಬರ ಹಾಡಿಗೆ ಕೊಟ್ಟರು. ‘ನಾನು ಇವತ್ತು ಸುಮ್ಮನೆ ಕೂತಿದ್ದೆ, ಅದರಲ್ಲಿ ಇಂಥ ಸುಖವಿತ್ತು’ ಎಂದು ಬರೆಯುವ ಧೈರ್ಯ ಕನ್ನಡದಲ್ಲಿ ಬೇರೆ ಕಡೆಯಿಂದ ಬಂತು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ. ಎನ್. ಮೂರ್ತಿರಾಯರ ‘ಹಗಲುಗನಸುಗಳು’ 1937ರಲ್ಲಿ ಪ್ರಕಟವಾಯಿತು. ಹೆಸರೇ ಹೇಳುವಂತೆ, ಕೆಲಸವಿಲ್ಲದ ಮನಸ್ಸಿನ ಅಲೆದಾಟಕ್ಕೆ ಅಲ್ಲಿ ಮಾನ ಸಿಕ್ಕಿತು. ಲಲಿತ ಪ್ರಬಂಧದ ಚರಿತ್ರೆ ಬರೆಯುವವರು ಇದಕ್ಕೆ ಇಂಗ್ಲಿಷ್ ಪ್ರಬಂಧಕಾರರ ಪ್ರಭಾವವನ್ನು ಕಾರಣ ಕೊಡುತ್ತಾರೆ. ಇರಬಹುದು. ನನಗೆ ಇನ್ನೂ ಸರಳವಾದ ಕಾರಣವೊಂದು ಕಾಣುತ್ತದೆ. ನಗರದ ಕಾಲೇಜಿನ ಅಧ್ಯಾಪಕನಿಗೆ ಬಾಗಿಲು ಹಾಕಿಕೊಳ್ಳುವ ಕೋಣೆಯಿತ್ತು. ಹಳ್ಳಿಯ ಮಾಸ್ತರನಿಗೆ ಬಾಗಿಲೇ ಇರಲಿಲ್ಲ. ಅವನೇ ಪತ್ರ ಓದಿ ಹೇಳಬೇಕು, ಅವನೇ ಅರ್ಜಿ ಬರೆದುಕೊಡಬೇಕು, ಎಷ್ಟೋ ಊರುಗಳಲ್ಲಿ ಅಂಚೆಯ ಚೀಲವೂ ಅವನದೇ. ಅವನು ಸುಮ್ಮನೆ ಕೂತರೆ ‘ಮಾಸ್ತರರು ಖಾಲಿ ಅದಾರ’ ಎಂದು ಜನ ಬರುತ್ತಿದ್ದರು. ಅಂಥವನು ತನ್ನ ಸುಖವನ್ನು ಬರೆದಿದ್ದರೆ ಯಾರಿಗೂ ಕಾಣದ ಹಾಗೆ ಬರೆದಿರಬೇಕು ಎಂದು ನಾನು ಊಹಿಸಿದ್ದೆ.

ಊಹೆಗೆ ಆಧಾರ ಸಿಕ್ಕಿದ್ದು ಲಕ್ಕಲಕಟ್ಟಿಯಲ್ಲಿ. ಮೊದಲು ರೋಣ ತಾಲ್ಲೂಕಿನಲ್ಲಿದ್ದ ಈ ಊರು ಈಗ ಗಜೇಂದ್ರಗಡ ತಾಲ್ಲೂಕಿನದು. ಹೋದ ವರ್ಷ ನಾನು ಅಲ್ಲಿಗೆ ಹೋದದ್ದು ನಿವೃತ್ತ ಮಾಸ್ತರರೊಬ್ಬರ ಬದಲಿ ಆದೇಶಗಳನ್ನು ನೋಡಲು. ಎಂಬತ್ತರ ಹತ್ತಿರದ ವಯಸ್ಸು. 1966ರಲ್ಲಿ ನೌಕರಿಗೆ ಸೇರಿದವರು. ಹೆಸರು ಹಾಕಬಾರದು ಎಂಬುದು ಅವರ ಷರತ್ತು. ಆದೇಶಗಳ ಕಟ್ಟು ತೆಗೆಯಲು ಹೋದಾಗ ಟ್ರಂಕಿನಲ್ಲಿ ಅದರ ಕೆಳಗೆ ನೋಟುಬುಕ್ಕುಗಳು ಕಂಡವು. ವರ್ಷದ ಕೊನೆಗೆ ಹುಡುಗರು ಬಿಟ್ಟುಹೋದ ಪುಸ್ತಕಗಳ ಖಾಲಿ ಹಾಳೆಗಳನ್ನು ಹರಿದು, ಗೋಣಿಚೀಲ ಹೊಲಿಯುವ ದಬ್ಬಣದಿಂದ ಹೊಲಿದವು. ಒಟ್ಟು 22.

“ಅದರಾಗ ಏನೈತಿ ತಂಗೀ? ಮಳಿ ಬಂತು, ಚಾ ಕುಡದ್ನಿ, ಅಷ್ಟ ಬರದೀನಿ” ಎಂದರು.

ನಿಜವಾಗಿಯೂ ಅಷ್ಟೇ ಇದೆ. ಸಂಶೋಧಕಿಯ ಬುದ್ಧಿ, ಮೊದಲು ಹುಡುಕಿದ್ದು ತಪಾಸಣೆಯ ದಿನಗಳನ್ನು. ಒಂದು ಕಡೆ ‘ಸಾಹೇಬರು ಬಂದಿದ್ದರು’ ಎಂಬ ಒಂದೇ ಸಾಲು; ಅದರ ಕೆಳಗೆ ಅದೇ ಸಂಜೆ ಹೊಲದಲ್ಲಿ ಸುಟ್ಟ ಸೀತನಿಯ ಬಗ್ಗೆ ಒಂದು ಪುಟ. ಎಳೆ ಜೋಳದ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಎಷ್ಟು ಹೊತ್ತು ಇಡಬೇಕು, ಕಂಬಳಿಯ ಮೇಲೆ ಬಡಿದು ಕಾಳು ಬಿಡಿಸುವಾಗ ಯಾರ ಕೈ ಚುರುಕು, ಯಾವ ಹೊಲದ ಸೀತನಿಗೆ ಶೇಂಗಾ ಹಿಂಡಿ ಬೇಕು, ಯಾವುದಕ್ಕೆ ಬೆಲ್ಲ ಸಾಕು. ಎಳ್ಳಮವಾಸ್ಯೆಗೆ ಚರಗ ಚೆಲ್ಲಲು ಯಾರ ಎರೆಹೊಲಕ್ಕೆ ಕರೆದಿದ್ದರು ಎಂಬ ಪಟ್ಟಿ ಪ್ರತಿ ವರ್ಷ ಇದೆ. ಶ್ರಾವಣದಲ್ಲಿ ಕಾಲಕಾಲೇಶ್ವರನ ಗುಡ್ಡ ಹತ್ತಿದ್ದು, ಇಳಿದ ಮೇಲೆ ಗಜೇಂದ್ರಗಡದಲ್ಲಿ ತಿಂದ ಗಿರ್ಮಿಟ್ಟು, ಸೈಕಲ್ಲಿನ ಚೈನು ಎಷ್ಟು ಸಲ ಬಿತ್ತು ಎಂಬ ಲೆಕ್ಕ. ಧಾರವಾಡ ಆಕಾಶವಾಣಿಯಲ್ಲಿ ಜೋಶಿಯವರ ಗಾಯನ ಬಂದ ರಾತ್ರಿಗಳಿಗೆ ಪುಟದ ಅಂಚಿನಲ್ಲಿ ಒಂದು ಸಣ್ಣ ಚುಕ್ಕೆ. ರಾಗದ ಹೆಸರಿಲ್ಲ, ಹೊಗಳಿಕೆಯೂ ಇಲ್ಲ. ಕೇಳಿದರೆ, “ಚುಕ್ಕಿ ಇಟ್ಟೀನಲ್ಲಾ” ಎನ್ನುತ್ತಾರೆ.

1972ರ ಬರದ ಪುಟಗಳನ್ನು ನಾನು ಮೂರು ಸಲ ಓದಿದೆ. ಆ ವರ್ಷ ಶಾಲೆಯ ಹಾಜರಿ ಬಿದ್ದದ್ದು ಸರಕಾರಿ ಕಾಗದದಲ್ಲಿ ಸಂಖ್ಯೆಯಾಗಿ ಇರುತ್ತದೆ; ಮಕ್ಕಳು ತಂದೆತಾಯಿಯ ಜೊತೆ ಬರಗಾಲದ ಕಾಮಗಾರಿಗೆ ಕಲ್ಲು ಹೊರಲು ಹೋಗುತ್ತಿದ್ದರು. ಮಾಸ್ತರರ ಪುಸ್ತಕದಲ್ಲಿ ಸೀತನಿ ಇಲ್ಲ, ಚರಗ ಇಲ್ಲ, ಚಹಾಕ್ಕೆ ಹಾಲಿಲ್ಲ. ಬರವಣಿಗೆ ದಿನಕ್ಕೆ ಒಂದೆರಡು ಸಾಲಿಗೆ ಇಳಿದಿದೆ. ಆದರೆ ನಿಂತಿಲ್ಲ. ಉಳಿದ ನಾಲ್ಕು ಹುಡುಗರನ್ನು ಗುಡಿಯ ಕಟ್ಟೆಗೆ ಕರೆದುಕೊಂಡು ಹೋಗಿ ಇದ್ದಲಿಯಿಂದ ಗೆರೆ ಎಳೆದು ಹುಲಿ-ಕುರಿ ಆಟ ಕಲಿಸಿದ್ದನ್ನು ಬರೆದಿದ್ದಾರೆ. ಮರುದಿನ ಯಾರು ಗೆದ್ದರು ಎಂದು ಬರೆದಿದ್ದಾರೆ. ಹದಿನೆಂಟು ದಿನ ಬರೀ ಈ ಆಟದ ಸೋಲು-ಗೆಲುವು. ಸಾಹೇಬರು ಕಂಡಿದ್ದರೆ ಇದಕ್ಕೆ ಯಾವ ಶೇರಾ ಬರೆಯುತ್ತಿದ್ದರೋ. ಬರದ ಬಗ್ಗೆ ನಾನು ಓದಿದ ವರದಿಗಳಲ್ಲಿ ಹಸಿದ ಮಗು ಮಧ್ಯಾಹ್ನವನ್ನು ಹೇಗೆ ಕಳೆಯಿತು ಎಂಬ ಮಾಹಿತಿ ಇಲ್ಲ. ಇಲ್ಲಿ ಇದೆ.

ನಾವು ‘ಪುರಸೊತ್ತು’ ಎನ್ನುವ ಪದ ಪಾರ್ಸಿಯ ಫುರ್ಸತ್‌ನಿಂದ ಬಂದದ್ದು. ಬಿಡುವು ಎಂಬ ಅರ್ಥದ ಜೊತೆಗೆ ಅವಕಾಶ ಎಂಬ ಅರ್ಥವೂ ಅದಕ್ಕಿದೆ. ಮಾಸ್ತರರು ಪ್ರತಿ ಪುಸ್ತಕದ ಮೇಲೂ ಬರೆದಿರುವ ಶೀರ್ಷಿಕೆ ಅದೇ, ಕೆಳಗೆ ವರ್ಷ. ದಿನಚರಿ ಎಂದು ಎಲ್ಲಿಯೂ ಕರೆದಿಲ್ಲ. ದಿನಚರಿ ಎಂದರೆ ಶಾಲೆಯಲ್ಲಿ ಬರೆಯುವುದು, ಅದು ಬೇರೆ ಎಂದರು.

ಈ ದೀಪಾವಳಿಯ ಹೊತ್ತಿಗೆ ಅವರ ಮಗ ಹಳೆಯ ಮನೆ ಕೆಡವಿ ಹೊಸದು ಕಟ್ಟಿಸಬೇಕೆಂದಿದ್ದಾರೆ. ಟ್ರಂಕಿಗೆ ಜಾಗವಿಲ್ಲ. ಕೋಪದ ಮಾತಲ್ಲ, ಜಾಗದ ಮಾತು. ಇಂಥ ಎಷ್ಟು ಟ್ರಂಕುಗಳು ಹೀಗೆಯೇ ರದ್ದಿಯ ತಕ್ಕಡಿ ಹತ್ತಿವೆಯೋ. ನಾನು ಎಲ್ಲ ಪುಟಗಳ ಫೋಟೊ ತೆಗೆದುಕೊಳ್ಳುತ್ತೇನೆ ಎಂದೆ. ಮಾಸ್ತರರು ಎರಡು ದಿನ ಏನೂ ಹೇಳಲಿಲ್ಲ. ಮೂರನೆಯ ದಿನ ನಾನು ಹೋಗುವಷ್ಟರಲ್ಲಿ ದಬ್ಬಣ, ದಾರ ಹಿಡಿದು ಜಗಲಿಯ ಮೇಲೆ ಕೂತಿದ್ದರು. ಕೆಲವು ಪುಟಗಳನ್ನು ಒಂದಕ್ಕೊಂದು ಸೇರಿಸಿ ಹೊಲಿಯುತ್ತಿದ್ದರು.

“ಇವು ನಮ್ಮ ಮನಿಯಾಕಿ ಇದ್ದಾಗಿನವು. ಇವನ್ನ ಬಿಟ್ಟು ಉಳಿದದ್ದು ತಗೋ.”

ಹೆಂಡತಿಯ ಬಗ್ಗೆ ಬರೆದ ಆ ಪುಟಗಳಲ್ಲೇ ನನಗೆ ಬೇಕಾದದ್ದು ಹೆಚ್ಚು ಇರಬಹುದು ಎಂದು ಆ ಕ್ಷಣವೇ ಹೊಳೆಯಿತು. ಒಬ್ಬ ಮಾಸ್ತರರ ಬಿಡುವಿನಲ್ಲಿ ಮನೆಯಾಕೆಯ ಪಾಲೆಷ್ಟಿತ್ತು, ಅವಳಿಗೆ ಪುರಸೊತ್ತು ಇತ್ತೇ, ಎಂಬ ಪ್ರಶ್ನೆಗಳಿಗೆ ಅಲ್ಲಿ ಏನಾದರೂ ಸಿಗುತ್ತಿತ್ತು. ಬಾಗಿಲಿಲ್ಲದ ಬದುಕಿನಲ್ಲಿ ಇಷ್ಟು ವರ್ಷ ಕಾಪಾಡಿಕೊಂಡದ್ದನ್ನು ನನ್ನ ಪ್ರಬಂಧಕ್ಕಾಗಿ ತೆರೆಯಿರಿ ಎಂದು ಕೇಳಲು ಬಾಯಿ ಬರಲಿಲ್ಲ. “ಆತ್ರಿ ಸರ್” ಎಂದೆ.

22 ಪುಸ್ತಕಗಳಲ್ಲಿ 1,640 ಪುಟಗಳ ಫೋಟೊ ಆಗಿದೆ. ಹೊಲಿದ ಪುಟಗಳಿದ್ದ ಮೂರು ಪುಸ್ತಕಗಳನ್ನು ಮಾಸ್ತರರು ತಮ್ಮ ತಲೆದಿಂಬಿನ ಕೆಳಗೆ ಇಟ್ಟುಕೊಂಡಿದ್ದಾರೆ. ಉಳಿದ 19 ನನ್ನ ಹಾಸ್ಟೆಲ್ ಕೋಣೆಯ ಕಪಾಟಿನಲ್ಲಿವೆ. ಒಂದು ಗ್ರಂಥಾಲಯದ ಜೊತೆ ಮಾತು ನಡೆದಿದೆ. ಅವರ ಅರ್ಜಿಯಲ್ಲಿ ‘ದಾಖಲೆಯ ಮಹತ್ವ’ ಎಂಬ ಕಲಮು ಇದೆ, ಐವತ್ತು ಪದ ಮೀರಬಾರದಂತೆ. ಅದನ್ನು ಇನ್ನೂ ತುಂಬಿಲ್ಲ.