ಊರಿನ ಪಟ್ಟಿ ಯಾರ ಕೈಯಲ್ಲಿ?

ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ಈಗ ಬಾಗಲಕೋಟೆ ಜಿಲ್ಲೆಯ ನೆರೆಹೊರೆಯ ತಾಲ್ಲೂಕುಗಳು. 1948ಕ್ಕೆ ಮೊದಲು ಇಲ್ಲಿ ಒಂದೊಂದು ಊರಿಗೂ ಒಬ್ಬೊಬ್ಬ ದೊರೆ. ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು. ರಬಕವಿ ಸಾಂಗ್ಲಿ ಸಂಸ್ಥಾನದ್ದು, ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಯದು. ರೋಗಕ್ಕೆ ಈ ಗಡಿಗಳು ಲೆಕ್ಕಕ್ಕಿರಲಿಲ್ಲ. ಕಾನೂನು ಮಾತ್ರ ಗಡಿಗೆ ಬಂದು ನಿಲ್ಲುತ್ತಿತ್ತು. ಮುಂಬಯಿ ಪ್ರಾಂತ್ಯ 1934ರಲ್ಲಿ ದೇವದಾಸಿಯರ ರಕ್ಷಣೆಗೆ ಕಾಯ್ದೆ ಮಾಡಿದಾಗ ಅದು ಬೀಳಗಿಗೆ ಅನ್ವಯಿಸಿತು, ಪಕ್ಕದ ಮುಧೋಳಕ್ಕೆ ಅನ್ವಯಿಸಲಿಲ್ಲ. ಹೆಣ್ಣುಮಕ್ಕಳನ್ನು ದೇವದಾಸಿಯಾಗಿ ಬಿಡುವುದನ್ನು, ಅಂದರೆ ಮುತ್ತು ಕಟ್ಟುವುದನ್ನು ನಿಷೇಧಿಸಿದ ಕರ್ನಾಟಕದ ಕಾಯ್ದೆ ಬಂದದ್ದು 1982ರಲ್ಲಿ. ಅಷ್ಟು ತಡವಾದದ್ದಕ್ಕೆ ಈ ಭಾಗದ ಹೆಣ್ಣುಮಕ್ಕಳು ತೆತ್ತ ಬೆಲೆ ಮುಂದಿನ ದಶಕಗಳಲ್ಲಿ ಕಾಣಿಸಿಕೊಂಡಿತು.

ಇಲ್ಲಿನ ಸಾರ್ವಜನಿಕ ಆರೋಗ್ಯದ ಇತಿಹಾಸವನ್ನು ದವಾಖಾನೆಗಳ ಕಟ್ಟಡಗಳಿಂದ ಬರೆದರೆ ಕಥೆಯ ಅರ್ಧ ಮಾತ್ರ ಸಿಗುತ್ತದೆ. ನಾನು ಕೇಳುವ ಪ್ರಶ್ನೆ ಬೇರೆ. ಊರಿನಲ್ಲಿ ಯಾರು ಬಸುರಿ, ಯಾರು ಕೆಮ್ಮುತ್ತಿದ್ದಾರೆ, ಯಾರು ಗುಳಿಗೆ ಬಿಟ್ಟಿದ್ದಾರೆ ಎಂಬ ಪಟ್ಟಿ ಯಾರ ಕೈಯಲ್ಲಿತ್ತು? ಬಹುಕಾಲ ಅದು ಇಲಾಖೆಯ ಕೈಯಲ್ಲೇ ಇತ್ತು. ನರ್ಸಮ್ಮ ಬರೆದುಕೊಂಡು ಹೋಗುತ್ತಿದ್ದರು, ತಾಲ್ಲೂಕಿಗೆ ವರದಿ ಸೇರುತ್ತಿತ್ತು. ಊರಿಗೆ ಮರಳಿ ಬರುತ್ತಿದ್ದುದು ಗೋಡೆಬರಹ, ಡಂಗುರ ಮತ್ತು 1995ರ ನಂತರ ಪೋಲಿಯೊ ಭಾನುವಾರದ ಕರೆ.

ಈ ಕ್ರಮ ಅಲುಗಾಡಿದ್ದು ಎಚ್‌ಐವಿಯಿಂದ. ರಾಷ್ಟ್ರೀಯ ಏಡ್ಸ್ ಕಾರ್ಯಕ್ರಮದ ಆರಂಭದ ಕಲ್ಪನೆಯೆಲ್ಲ ಮಹಾನಗರದ್ದು, ಅಂದರೆ ವೇಶ್ಯಾಗೃಹ, ಲಾಡ್ಜು, ಹೆದ್ದಾರಿಯ ಢಾಬಾ. ಮುಧೋಳ, ಜಮಖಂಡಿ ಕಡೆ ಇವು ಯಾವುವೂ ಮುಖ್ಯವಲ್ಲ. ಮುತ್ತು ಕಟ್ಟಿಸಿಕೊಂಡು ಲೈಂಗಿಕ ವೃತ್ತಿಗೆ ಬಂದ ಹೆಣ್ಣುಮಗಳು ತನ್ನದೇ ಊರಿನಲ್ಲಿ, ತಾಯಿ ಮತ್ತು ಮಕ್ಕಳ ಜೊತೆ, ತನ್ನದೇ ಮನೆಯಲ್ಲಿರುತ್ತಾಳೆ. ಕೆಲವರು ಸಾಂಗ್ಲಿ, ಪುಣೆ, ಮುಂಬಯಿಗೆ ಹೋಗಿ ಹಬ್ಬ-ಜಾತ್ರೆಗೆ ಊರಿಗೆ ಬರುತ್ತಾರೆ. 2003ರಲ್ಲಿ ಬಾಗಲಕೋಟೆ ಜಿಲ್ಲೆಯಲ್ಲಿ ಜನಸಾಮಾನ್ಯರ ರಕ್ತಪರೀಕ್ಷೆಯ ಸಮೀಕ್ಷೆ ನಡೆದಾಗ ವಯಸ್ಕರಲ್ಲಿ ನೂರಕ್ಕೆ ಸುಮಾರು 3 ಮಂದಿಗೆ ಸೋಂಕಿತ್ತು. ಹಳ್ಳಿಗಳು ಸುರಕ್ಷಿತ ಎಂಬ ನಂಬಿಕೆ ಅಲ್ಲಿಗೆ ಮುರಿಯಿತು.

ಭಾರತ-ಕೆನಡಾ ಸಹಯೋಗದ ಏಡ್ಸ್ ಯೋಜನೆ 2001ರಲ್ಲಿ ಆರಂಭವಾಗಿ, ಬಾಗಲಕೋಟೆಯ ಹಳ್ಳಿಗಳನ್ನು ತನ್ನ ಪ್ರಯೋಗಕ್ಷೇತ್ರವಾಗಿ ಆರಿಸಿಕೊಂಡಿತು. 2003ರಲ್ಲಿ ಮ್ಯಾನಿಟೋಬಾ ವಿಶ್ವವಿದ್ಯಾಲಯ ಮತ್ತು ರಾಜ್ಯ ಏಡ್ಸ್ ಪ್ರಿವೆನ್ಷನ್ ಸೊಸೈಟಿಯ ಸಹಭಾಗಿತ್ವದಲ್ಲಿ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಹುಟ್ಟಿತು. ಆದರೆ ನಿಜವಾದ ತಿರುವು ಬಂದದ್ದು ಲೈಂಗಿಕ ವೃತ್ತಿಯಲ್ಲಿದ್ದ ಮಹಿಳೆಯರೇ ಸಂಘ ಕಟ್ಟಿಕೊಂಡಾಗ. ಮುಧೋಳದ ‘ಚೈತನ್ಯ ಏಡ್ಸ್ ತಡೆಗಟ್ಟುವ ಮಹಿಳಾ ಸಂಘ’ದ ಹೆಸರನ್ನೇ ನೋಡಿ. ರೋಗದ ಹೆಸರು ಉಚ್ಚರಿಸಲೂ ಜನ ಹಿಂಜರಿಯುತ್ತಿದ್ದ ಕಾಲದಲ್ಲಿ ಅದನ್ನು ಬೋರ್ಡಿನ ಮೇಲೆ ಬರೆಸಿಕೊಂಡವರು ಇವರು. ಯಾವ ಊರಿನಲ್ಲಿ ಎಷ್ಟು ಹೆಣ್ಣುಮಕ್ಕಳಿದ್ದಾರೆ, ಯಾರಿಗೆ ತಪಾಸಣೆ ಬಾಕಿ, ಯಾರ ಜೊತೆ ದವಾಖಾನೆಗೆ ಹೋಗಬೇಕು ಎಂಬ ಲೆಕ್ಕ ಅವರ ನಾಲಿಗೆಯ ತುದಿಯಲ್ಲಿರುತ್ತಿತ್ತು. ಇಂಥ ಪಟ್ಟಿ ಅಪಾಯಕಾರಿಯೂ ಹೌದು. ಒಂದು ಹೆಸರು ಸೋರಿದರೆ ಮಗಳ ಮದುವೆ ನಿಲ್ಲುತ್ತದೆ, ಮಗನ ಶಾಲೆ ತಪ್ಪುತ್ತದೆ. ರೋಗಿಯ ಗುಟ್ಟನ್ನು ಕಾನೂನಾಗಿ ಕಾಯುವ ಎಚ್‌ಐವಿ ಕಾಯ್ದೆ ಬಂದದ್ದು 2017ರಲ್ಲಿ. ಅದಕ್ಕೆ ಎಷ್ಟೋ ಮೊದಲೇ ಗುಟ್ಟು ಕಾಯುವ ಹೊಣೆ ಈ ಮಹಿಳೆಯರ ಮೇಲೆ ಬಿದ್ದಿತ್ತು. 2004ರ ಏಪ್ರಿಲ್‌ನಲ್ಲಿ ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಚಿಕಿತ್ಸೆ ಸರ್ಕಾರದಿಂದ ಉಚಿತವಾಗಿ ಆರಂಭವಾದಾಗ ಕೇಂದ್ರಗಳಿದ್ದದ್ದು ದೂರದ ನಗರಗಳಲ್ಲಿ. ಬಸ್‌ ಚಾರ್ಜಿಗೂ ಕಷ್ಟವಿದ್ದವರಿಗೆ ಗುಳಿಗೆಯಷ್ಟೇ ಜೊತೆಗಾರರೂ ಮುಖ್ಯವಾಗಿದ್ದರು.

2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಬಂತು, ಅದರೊಂದಿಗೆ ಆಶಾ ಕಾರ್ಯಕರ್ತೆ. 2008ರ ನವೆಂಬರ್‌ನಿಂದ 108 ಆಂಬ್ಯುಲೆನ್ಸ್. ಗ್ರಾಮ ಆರೋಗ್ಯ ಸಮಿತಿಗಳಿಗೆ ವರ್ಷಕ್ಕೆ 10,000 ರೂಪಾಯಿಯ ಮುಕ್ತ ನಿಧಿಯೂ ಬಂತು. ಮೊತ್ತ ಸಣ್ಣದು, ಅದನ್ನು ಹೇಗೆ ಖರ್ಚು ಮಾಡಬೇಕೆಂದು ಊರೇ ನಿರ್ಧರಿಸಬಹುದೆಂಬ ಮಾತು ದೊಡ್ಡದು.

ಉತ್ತರ ಕರ್ನಾಟಕದ 8 ಜಿಲ್ಲೆಗಳಲ್ಲಿ ತಾಯಿ-ಮಗುವಿನ ಆರೋಗ್ಯಕ್ಕಾಗಿ ನಡೆದ ‘ಸುಕ್ಷೇಮ’ ಯೋಜನೆ ಆಶಾ ಕೈಯ ಪುಸ್ತಕವನ್ನೇ ಬದಲಿಸಿತು. ಸಮುದಾಯ ಮಟ್ಟದ ಪ್ರಯೋಗಗಳಿಗೆ ಕೊಪ್ಪಳದ ಜೊತೆ ಬಾಗಲಕೋಟೆಯೂ ನೆಲೆಯಾಯಿತು. ಇಲ್ಲಿನ ಒಂದು ತೊಡಕನ್ನು ಕೊಂಚ ನಿಂತು ನೋಡಬೇಕು. ಬಸುರಿಗೆ ಮಾಡುವ ಕುಬಸದ ಶಾಸ್ತ್ರ ಮುಗಿಸಿ ಹುಡುಗಿ ತವರಿಗೆ ಹೋಗುತ್ತಾಳೆ. ಗಂಡನ ಊರಿನ ಪುಸ್ತಕದಲ್ಲಿ ಅವಳ ಹೆಸರಿದೆ, ಅವಳಿಲ್ಲ. ತವರೂರಿನಲ್ಲಿ ಅವಳಿದ್ದಾಳೆ, ಹೆಸರಿಲ್ಲ. ಚೊಚ್ಚಲ ಹೆರಿಗೆಯ ಅತ್ಯಂತ ಆತಂಕದ ವಾರಗಳಲ್ಲಿ ಅವಳು ಎರಡೂ ಲೆಕ್ಕದಿಂದ ಜಾರಿಬಿಡುತ್ತಾಳೆ. ಮನೆಮನೆ ಎಣಿಸಿ, ತವರಿಗೆ ಬಂದವರನ್ನೂ ಬರೆದು, ಬಾಣಂತನದ ಕೊನೆಯವರೆಗೆ ಹಿಂಬಾಲಿಸುವ ಪುಸ್ತಕ ಈ ಕಿಂಡಿ ಮುಚ್ಚಲೆಂದೇ ಬಂದದ್ದು. ಕುಬಸದ ವಿಚಾರ ಊರಿನವರಿಗೆ ಗೊತ್ತಿತ್ತು, ನಮೂನೆ ತಯಾರಿಸುವವರಿಗೆ ಗೊತ್ತಿರಲಿಲ್ಲ.

ಎಲ್ಲ ಪ್ರಯತ್ನಗಳೂ ಫಲಿಸಲಿಲ್ಲ, ಅದನ್ನೂ ದಾಖಲಿಸಬೇಕು. ಮುಧೋಳ ಮತ್ತು ಜಮಖಂಡಿಯ 47 ಹಳ್ಳಿಗಳಲ್ಲಿ ಲೈಂಗಿಕ ವೃತ್ತಿಯ ಮಹಿಳೆಯರು ತಮ್ಮ ಸಂಗಾತಿಗಳಿಂದ ಅನುಭವಿಸುವ ಹಿಂಸೆಯನ್ನು ತಗ್ಗಿಸಲು ‘ಸಂವೇದನಾ ಪ್ಲಸ್’ ಅಧ್ಯಯನ ನಡೆಯಿತು. ವಿಜಯಪುರ, ಬಾಗಲಕೋಟೆಯ ಪರಿಶಿಷ್ಟ ಜಾತಿ-ಪಂಗಡದ ಹುಡುಗಿಯರನ್ನು ಶಾಲೆಯಲ್ಲಿ ಉಳಿಸಿ ಬಾಲ್ಯವಿವಾಹ ತಡೆಯಲು ‘ಸಮತಾ’ ನಡೆಯಿತು. ಎರಡರಲ್ಲೂ ಮುಖ್ಯ ಗುರಿಯ ಅಂಕಿಗಳು ನಿರೀಕ್ಷಿಸಿದಷ್ಟು ಬದಲಾಗಲಿಲ್ಲ. ಇದನ್ನು ನಾನು ಸೋಲೆಂದು ಓದುವುದಿಲ್ಲ. ಹೊಡೆತ ಸಹಜವಲ್ಲ ಎಂದು ಹೆಂಗಸರು ಒಬ್ಬರಿಗೊಬ್ಬರು ಹೇಳಿಕೊಳ್ಳಲು ಆರಂಭಿಸಿದ ಮೇಲೆ ಗಂಡಸರು ಬದಲಾಗಲು ಮೂರು-ನಾಲ್ಕು ವರ್ಷ ಸಾಲುವುದಿಲ್ಲ. ಯೋಜನೆಯ ಅವಧಿ ಮಾತ್ರ ಅಷ್ಟೇ ಇರುತ್ತದೆ.

2019ರ ಆಗಸ್ಟ್‌ನಲ್ಲಿ ಕೃಷ್ಣೆ, ಘಟಪ್ರಭೆ ಒಟ್ಟಿಗೆ ಏರಿದಾಗ ಈ ಪಟ್ಟಿಗಳ ಇನ್ನೊಂದು ಉಪಯೋಗ ಕಾಣುವಂತಾಯಿತು. ಮನೆ ಬಿಟ್ಟು ಕಾಳಜಿ ಕೇಂದ್ರ ಸೇರುವವರು ಮಕ್ಕಳನ್ನು, ದನಕರುಗಳನ್ನು ಹಿಡಿದು ಬರುತ್ತಾರೆ. ಬಿಪಿ, ಸಕ್ಕರೆ, ಟಿಬಿಯ ಗುಳಿಗೆಗಳು ನೀರಿನ ಪಾಲಾಗುತ್ತವೆ. ಟಿಬಿ ಗುಳಿಗೆ ನಡುವೆ ತಪ್ಪಿದರೆ ರೋಗ ಮದ್ದಿಗೆ ಬಗ್ಗದ ಹಂತಕ್ಕೆ ಹೋಗಬಹುದು. ಯಾರಿಗೆ ಯಾವ ಗುಳಿಗೆ ಎಂದು ಊರಿನ ಆಶಾ ಬಾಯಿಲೆಕ್ಕದಲ್ಲಿ ಹೇಳಬಲ್ಲಳಾದರೆ ಅರ್ಧ ಕೆಲಸ ಮುಗಿದಂತೆ. ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟುಕೊಟ್ಟು ಪುನರ್ವಸತಿ ಕೇಂದ್ರಗಳಲ್ಲಿ ನೆಲೆಸಿದ ಬೀಳಗಿ ಕಡೆಯವರಿಗೆ ವಿಳಾಸ ಬದಲಾದಾಗ ಲೆಕ್ಕ ತಪ್ಪುವುದು ಹೊಸದಲ್ಲ.

ಇನ್ನೂ ಆರಂಭವೇ ಆಗದ ಪಟ್ಟಿಯೊಂದಿದೆ ಎಂದು ನನಗೆ ಅನಿಸುವುದು ರಬಕವಿ-ಬನಹಟ್ಟಿಯ ಓಣಿಗಳಲ್ಲಿ ನಡೆಯುವಾಗ. 2018ರಲ್ಲಿ ತಾಲ್ಲೂಕಾದ ಈ ಜೋಡಿ ಊರು ಮಗ್ಗದ ಸದ್ದಿನಲ್ಲೇ ಏಳುತ್ತದೆ. ಹತ್ತಿಯ ಧೂಳು ವರ್ಷಗಟ್ಟಲೆ ಒಳಗೆ ಹೋದರೆ ಬಿಸಿನೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಬರಬಹುದು. ರಜೆ ಮುಗಿಸಿ ಕೆಲಸಕ್ಕೆ ಮರಳಿದ ದಿನ ಎದೆ ಬಿಗಿಯುವುದು ಅದರ ಮೊದಲ ಗುರುತು. ಬರೀ ಕೆಮ್ಮೆಂದು ತಳ್ಳಿಹಾಕುವುದೂ ಸುಲಭ, ಟಿಬಿಯೆಂದು ತಪ್ಪು ತಿಳಿಯುವುದೂ ಸುಲಭ. ಇಎಸ್‌ಐ ರಕ್ಷಣೆ 10 ಅಥವಾ ಹೆಚ್ಚು ಕೆಲಸಗಾರರಿರುವ ಘಟಕಗಳಿಗೆ. ಮನೆಯ ಪಡಸಾಲೆಯಲ್ಲಿ ನಾಲ್ಕು ಪಾವರ್‌ಲೂಮ್ ಹಾಕಿಕೊಂಡವರು ಅದರ ಹೊರಗೇ ಉಳಿಯುತ್ತಾರೆ. ಮುಧೋಳದ ಸಂಘದ ಹೆಣ್ಣುಮಕ್ಕಳು ಮಾಡಿದಂತೆ ನೇಕಾರರ ಸಂಘಗಳು ಓಣಿ ಓಣಿ ಕುಳಿತು, ಎಷ್ಟು ವರ್ಷದ ಮಗ್ಗ, ಯಾವ ದಿನ ಎದೆ ಬಿಗಿಯುತ್ತದೆ ಎಂದು ಕೇಳಿ ಬರೆದುಕೊಳ್ಳಲು ಒಂದು ನೋಟ್‌ಬುಕ್ಕು ಸಾಕು. ಆ ಪುಸ್ತಕದ ಒಂದು ಪ್ರತಿ ತಾಲ್ಲೂಕು ಆರೋಗ್ಯಾಧಿಕಾರಿಗೆ ಹೋಗಲಿ, ಮೂಲ ಪ್ರತಿ ಓಣಿಯಲ್ಲೇ ಇರಲಿ.