ಕರಿಯ ಲೇಪದ ಚರಿತ್ರೆ

ಕನ್ನಡದಲ್ಲಿ ಒಬ್ಬರ ಮುಖಕ್ಕೆ ಮಸಿ ಬಳಿಯುವುದೆಂದರೆ ಅವರ ಮಾನ ಕಳೆಯುವುದು. ಮನೆತನದ ಹೆಸರಿಗೆ ಮಸಿ ಹತ್ತಿತು ಎನ್ನುತ್ತೇವೆ, ಮಸಿ ತೊಳೆದುಕೊಳ್ಳಲು ಹೆಣಗುತ್ತೇವೆ. ಇಂತಹ ನುಡಿಗಟ್ಟನ್ನು ಬಳಸುವ ನಮ್ಮ ಮನೆಗಳಿಗೇ ಈಗ ಇದ್ದಿಲಿನ ಮುಖಲೇಪ ಬಂದಿದೆ. ನಾಗಪುರದ ಸೀತಾಬರ್ಡಿಯ ಅಂಗಡಿಸಾಲಿನಲ್ಲಿ ಅದು ಕೊಳವೆಗಳಲ್ಲಿ, ಡಬ್ಬಿಗಳಲ್ಲಿ, ಒಂದೊಂದೇ ಬಳಕೆಯ ಪೊಟ್ಟಣಗಳಲ್ಲಿ ದೊರೆಯುತ್ತದೆ. ಭಾನುವಾರ ಸಂಜೆ ಕನ್ನಡಿಯ ಮುಂದೆ ಕುಳಿತು, ಹಣ ಕೊಟ್ಟು ತಂದ ಕಪ್ಪನ್ನು ಹಣೆಯಿಂದ ಗಲ್ಲದವರೆಗೆ ಬಳಿದುಕೊಂಡು, ಕಾಲುಗಂಟೆ ಕಾದು ತೊಳೆಯುವುದು ಅನೇಕರ ವಾಡಿಕೆಯಾಗಿದೆ. ಅಪಮಾನದ ಗುರುತು ಆರೈಕೆಯ ಗುರುತಾದುದು ಹೇಗೆ? ಈ ಬದಲಾವಣೆಯ ಹಿಂದೆ ರಸಾಯನಶಾಸ್ತ್ರವಿದೆ, ಯುದ್ಧವಿದೆ, ವ್ಯಾಪಾರವಿದೆ. ನಾವು ನೆಲೆಸಿರುವ ಈ ನಾಗಪುರಕ್ಕೂ ಮುಖಲೇಪದ ಚರಿತ್ರೆಯಲ್ಲಿ ಒಂದು ಪಾತ್ರವಿದೆ.

ಮೊದಲು ಪದಗಳನ್ನು ಬಿಡಿಸಿಕೊಳ್ಳೋಣ. ಇಂಗ್ಲಿಷಿನಲ್ಲಿ ‘ಬ್ಲ್ಯಾಕ್’ ಎಂಬೊಂದು ಮಾತಿನಡಿ ಅಡಗುವುದನ್ನು ಕನ್ನಡ ಬೇರೆಬೇರೆಯಾಗಿ ಗುರುತಿಸಿದೆ. ಸೌದೆ ಉರಿಯುವಾಗ ಹೊಗೆಯೊಡನೆ ಏರಿ ಗೋಡೆಗೆ, ಪಾತ್ರೆಯ ತಳಕ್ಕೆ ಹತ್ತುವುದು ಮಸಿ. ದೀಪದ ಕುಡಿಯ ಮೇಲೆ ಬಟ್ಟಲು ಮಗುಚಿ ಹಿಡಿದು, ಎಣ್ಣೆಯಲ್ಲೋ ತುಪ್ಪದಲ್ಲೋ ಕಲಸಿದರೆ ಕಾಡಿಗೆ. ಗಾಳಿ ಸಾಕಷ್ಟು ಸಿಗದೆ ಕಟ್ಟಿಗೆ ಪೂರ್ತಿ ಉರಿಯದೆ ಉಳಿದದ್ದು ಇದ್ದಿಲು. ಪೂರ್ತಿ ಉರಿದರೆ ಬೂದಿ. ಇವುಗಳಲ್ಲಿ ಪ್ರತಿಯೊಂದಕ್ಕೂ ನಮ್ಮ ಬದುಕಿನಲ್ಲಿ ಬೇರೆ ಬೇರೆ ಸ್ಥಾನವಿತ್ತು. ಕಾಡಿಗೆ ಕಣ್ಣಿಗೂ ಯಕ್ಷಗಾನದ ಚೌಕಿಗೂ ಸಂದಿತು. ಮಗುವಿನ ಕೆನ್ನೆಯ ಮೇಲೆ ಅದೇ ಕಾಡಿಗೆ ದೃಷ್ಟಿಬೊಟ್ಟಾಯಿತು. ಇದ್ದಿಲಪುಡಿ ಉಪ್ಪಿನೊಡನೆ ಹಲ್ಲಿಗೆ ಹೋಯಿತು. ಬೂದಿ ಪಾತ್ರೆ ಬೆಳಗಿತು.

ಇದ್ದಿಲಿಗೆ ಸಂದ ಗೌರವದ ಸ್ಥಾನವೊಂದನ್ನು ಇಲ್ಲಿ ವಿಶೇಷವಾಗಿ ನೆನೆಯಬೇಕು. ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ಕಡತ ಸರಿಸುತ್ತ ದಿನ ಕಳೆಯುವ ನಮ್ಮಂಥವರು ಆ ಪದದ ಮೂಲವನ್ನು ಮರೆತೇಬಿಟ್ಟಿದ್ದೇವೆ. ಹಳೆಯ ಕನ್ನಡನಾಡಿನಲ್ಲಿ ಕಡತವೆಂದರೆ ಹುಣಿಸೆ ಬೀಜದ ಅಂಟಿನಲ್ಲಿ ಇದ್ದಿಲಪುಡಿ ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಜೋಡಿಸಿದ ಲೆಕ್ಕದ ಪುಸ್ತಕ. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಬೇಡವಾದುದನ್ನು ಅಳಿಸಿ ಮತ್ತೆ ಬರೆಯಬಹುದಾಗಿತ್ತು. ವರ್ತಕರು, ಶಾನುಭೋಗರು, ಮಠಗಳು ಇವನ್ನು ಬಳಸಿದವು. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಇಂದಿಗೂ ಆಕರ. ನಾಡಿನ ಲೆಕ್ಕಪತ್ರವನ್ನು ತಲೆಮಾರುಗಳ ಕಾಲ ಹೊತ್ತದ್ದು ಬಟ್ಟೆಯ ಮುಖಕ್ಕೆ ಬಳಿದ ಇದ್ದಿಲಲೇಪ.

ಹಾಗಾದರೆ ಮನುಷ್ಯರ ಮುಖಕ್ಕೆ ಬಳಿದದ್ದೇನು? ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದ ಮೊದಲರ್ಧದಲ್ಲಿ ರಚಿಸಿದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ ಅರಸನ ಉಪಭೋಗಗಳನ್ನು ಪಟ್ಟಿ ಮಾಡುವಾಗ ಸ್ನಾನಕ್ಕೂ ವಿಲೇಪನಕ್ಕೂ ಪ್ರತ್ಯೇಕ ಭಾಗಗಳನ್ನೇ ಮೀಸಲಿಡುತ್ತದೆ. ಮೈಗೆ ಲೇಪ ಹಚ್ಚುವುದು ಕಲೆ ಎಂಬ ತಿಳಿವಳಿಕೆ ಕನ್ನಡನಾಡಿನ ಅರಮನೆಗೆ ಹೊಸದಾಗಿರಲಿಲ್ಲ. ಅರಮನೆಯಾಚೆಗಿನ ಮನೆಗಳಲ್ಲಿ ಕಡಲೆಹಿಟ್ಟು, ಅರಿಶಿನ, ಹೆಸರುಹಿಟ್ಟು, ಸೀಗೆ, ಚಂದನ ಇದ್ದವು. ಮದುವೆಯ ಅರಿಶಿನಶಾಸ್ತ್ರದಿಂದ ಬಾಣಂತಿಯ ಎಣ್ಣೆನೀರಿನವರೆಗೆ ನಮ್ಮ ಮುಖಲೇಪದ ಬಣ್ಣ ಹಳದಿ. ಇದ್ದಿಲು ಹಲ್ಲಿನವರೆಗೆ ಬಂದರೂ ಕೆನ್ನೆಯನ್ನು ಏರಲಿಲ್ಲ. ಆದ್ದರಿಂದ ಕರಿಯ ಮುಖಲೇಪವನ್ನು ಅಜ್ಜಿಯರ ಕಾಲದ ರಹಸ್ಯವೆಂದು ಯಾರಾದರೂ ಮಾರಿದರೆ ನಾವು ಎರಡು ಬಾರಿ ಯೋಚಿಸಬೇಕು. ಅದರ ತವರು ಅಡುಗೆಮನೆಯಲ್ಲ, ಪ್ರಯೋಗಶಾಲೆ.

ಇದ್ದಿಲು ಅನಿಲಗಳನ್ನು ಹಿಡಿದಿಟ್ಟುಕೊಳ್ಳುತ್ತದೆಂಬುದನ್ನು ಸ್ವೀಡನ್ನಿನ ಕಾರ್ಲ್ ಷೀಲೆ 1773ರಲ್ಲಿ ಗಮನಿಸಿದ. 1785ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ಔಷಧಿಕಾರ ಟೋಬಿಯಾಸ್ ಲೋವಿಟ್ಸ್ ಬಣ್ಣಗಟ್ಟಿದ ದ್ರಾವಣಗಳನ್ನು ಇದ್ದಿಲು ತಿಳಿಗೊಳಿಸುತ್ತದೆಂದು ಕಂಡ. ಆ ಶತಮಾನ ಮುಗಿಯುವ ಮುನ್ನವೇ ಯುರೋಪಿನ ಸಕ್ಕರೆ ಕಾರ್ಖಾನೆಗಳು ಕಂದು ಪಾಕವನ್ನು ಬಿಳಿಯಾಗಿಸಲು ಇದ್ದಿಲನ್ನು ಹಿಡಿದವು. 1831ರಲ್ಲಿ ಫ್ರಾನ್ಸಿನ ತೂಯೆರಿ ಎಂಬ ಔಷಧಶಾಸ್ತ್ರಜ್ಞ ವಿದ್ವತ್ಸಭೆಯ ಮುಂದೆ ಮಾರಕ ಪ್ರಮಾಣದ ಸ್ಟ್ರಿಕ್ನಿನ್ ವಿಷವನ್ನು ಇದ್ದಿಲಿನೊಡನೆ ನುಂಗಿ ಬದುಕುಳಿದನೆಂದು ವೈದ್ಯಚರಿತ್ರೆ ಹೇಳುತ್ತದೆ. ಇಂದಿಗೂ ಕೆಲವು ಬಗೆಯ ವಿಷ ಸೇವನೆಯಲ್ಲಿ, ಹೆಚ್ಚು ಹೊತ್ತಾಗುವ ಮೊದಲೇ ರೋಗಿ ಬಂದರೆ, ಆಸ್ಪತ್ರೆಗಳು ಸಕ್ರಿಯ ಇದ್ದಿಲನ್ನು ಕುಡಿಸುತ್ತವೆ.

ಇದರ ಗುಟ್ಟು ಬಹಳ ಸರಳ. ಇದ್ದಿಲನ್ನು ಹಬೆಯಿಂದಲೋ ರಾಸಾಯನಿಕಗಳಿಂದಲೋ ಹೆಚ್ಚಿನ ಶಾಖದಲ್ಲಿ ಸಂಸ್ಕರಿಸಿದರೆ ಅದರೊಳಗೆ ಕಣ್ಣಿಗೆ ಕಾಣದ ಅಸಂಖ್ಯ ರಂಧ್ರಗಳು ತೆರೆದುಕೊಳ್ಳುತ್ತವೆ. ಆಗ ಒಂದು ಗ್ರಾಂ ಪುಡಿಯ ಒಳಮೈ 500 ಚದರ ಮೀಟರಿಗೂ ಮೀರಬಹುದು. ಒಂದು ಚಮಚದಲ್ಲಿ ಒಂದು ಆಟದ ಬಯಲೇ ಮಡಿಸಿಟ್ಟಂತೆ. ಆ ಮೈಗೆ ಅಣುಗಳು ಬಂದು ಅಂಟಿಕೊಳ್ಳುತ್ತವೆ. ಇದು ಬಟ್ಟೆ ನೀರು ಹೀರುವ ಹಾಗಲ್ಲ, ಮೇಲ್ಮೈಗೆ ಹತ್ತುವುದು. ಶಾಸ್ತ್ರದ ಮಾತಿನಲ್ಲಿ ಅಧಿಶೋಷಣೆ.

ಇದ್ದಿಲು ಮೊದಲ ಬಾರಿಗೆ ಲಕ್ಷಾಂತರ ಮುಖಗಳನ್ನು ಮುಟ್ಟಿದ್ದು ಸೌಂದರ್ಯಕ್ಕಾಗಿ ಅಲ್ಲ. 1915ರ ಏಪ್ರಿಲ್ 22ರಂದು ಬೆಲ್ಜಿಯಮ್ಮಿನ ಈಪ್ರ್ ರಣಾಂಗಣದಲ್ಲಿ ಜರ್ಮನ್ ಸೇನೆ ಕ್ಲೋರಿನ್ ಅನಿಲವನ್ನು ಹರಿಯಬಿಟ್ಟಿತು. ಅದೇ ವರ್ಷ ರಷ್ಯಾದ ನಿಕೊಲಾಯ್ ಜೆಲಿನ್‌ಸ್ಕಿ ಸಕ್ರಿಯ ಇದ್ದಿಲಿನ ರಕ್ಷಣಾ ಮುಖವಾಡವನ್ನು ರೂಪಿಸಿದ. 1918ರಲ್ಲಿ ಅಮೆರಿಕದ ಜನರು ಪೀಚ್ ಹಣ್ಣಿನ ಓಟೆ, ಅಕ್ರೋಟಿನ ಸಿಪ್ಪೆಗಳನ್ನು ಕೂಡಿಸಿ ಸೇನೆಗೆ ಕೊಟ್ಟರು. ತೆಂಗಿನ ಚಿಪ್ಪಿನ ಇದ್ದಿಲು ಬಹು ಗಟ್ಟಿ, ಬಹು ಸೂಕ್ಷ್ಮರಂಧ್ರವುಳ್ಳದ್ದೆಂದು ಆಗಲೇ ಸಾಬೀತಾಗಿತ್ತು. ತಿಪಟೂರಿನ ಕೊಬ್ಬರಿ ಮಾರುಕಟ್ಟೆಯನ್ನು ಬಲ್ಲ ನಮಗೆ ಈ ಮಾತು ಹತ್ತಿರದ್ದು. ಕೊಬ್ಬರಿ ತೆಗೆದು ಎಸೆಯುವ ಚಿಪ್ಪೇ ಇಂದು ಸುಟ್ಟು, ಸಂಸ್ಕರಿಸಿ, ನೀರಿನ ಶೋಧಕಗಳಿಗೂ ಮುಖಲೇಪಗಳಿಗೂ ಹೋಗುವ ಸರಕು. ಹೀಗೆ ‘ಮಾಸ್ಕ್’ ಎಂಬ ಒಂದೇ ಪದ ವಿಷಗಾಳಿಯ ಕಂದಕದಿಂದ ಸ್ನಾನಗೃಹದ ಕನ್ನಡಿಯವರೆಗೆ ನಡೆದು ಬಂದಿದೆ. ಅಲ್ಲಿ ಗಳಿಸಿದ ಕೀರ್ತಿಯನ್ನೇ ಇಲ್ಲಿ ಜಾಹೀರಾತು ಖರ್ಚು ಮಾಡುತ್ತಿದೆ.

ಇನ್ನು ನಾಗಪುರದ ಪಾತ್ರ. ‘ವಿಕೊ’ ಸಂಸ್ಥೆಯನ್ನು 1952ರಲ್ಲಿ ಮುಂಬಯಿಯಲ್ಲಿ ಆರಂಭಿಸಿದ ಕೇಶವ ವಿಷ್ಣು ಪೆಂಢಾರ್‌ಕರ್ ಅದಕ್ಕೆ ಮೊದಲು ನಾಗಪುರದಲ್ಲಿ ಸಣ್ಣ ದಿನಸಿ ಅಂಗಡಿ ನಡೆಸಿದ್ದವರು. ಅವರ ಹಲ್ಲುಪುಡಿಯೂ ಅರಿಶಿನದ ಕ್ರೀಮೂ ಮುಂದೆ ದೇಶದಾದ್ಯಂತ ಹೆಸರಾದವು. ಜೊತೆಗೇ ತೆರಿಗೆ ಇಲಾಖೆಯೊಡನೆ ದಶಕಗಳ ವ್ಯಾಜ್ಯವನ್ನೂ ಹೊತ್ತವು. ಪ್ರಶ್ನೆ ಇಷ್ಟೇ: ಅರಿಶಿನದ ಕ್ರೀಮು ಪ್ರಸಾಧನವೋ, ಔಷಧವೋ? ಪ್ರಸಾಧನವಾದರೆ ಸುಂಕ ಹೆಚ್ಚು, ಔಷಧವಾದರೆ ಕಡಿಮೆ. ನಾಗಪುರದ ಕೇಂದ್ರ ಅಬಕಾರಿ ಆಯುಕ್ತರು ಪಕ್ಷಕಾರರಾಗಿದ್ದ ಈ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಸಂಸ್ಥೆಯ ಸರಕುಗಳನ್ನು ನ್ಯಾಯಾಲಯ ಔಷಧದ ಸಾಲಿಗೇ ಸೇರಿಸಿತು. ಅದರ ಬೆನ್ನಿಗೇ, 2006ರಲ್ಲಿ, ಅದೇ ಆಯುಕ್ತರ ವಿರುದ್ಧ ಪೂಮಾ ಆಯುರ್ವೇದಿಕ್ ಹರ್ಬಲ್ ಎಂಬ ಕಂಪನಿಯ ಮೊಕದ್ದಮೆ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಈ ಬಾರಿ ವಿವಾದದಲ್ಲಿದ್ದ ಸರಕುಗಳಲ್ಲಿ ಬೇವಿನ ಮುಖಲೇಪ, ಮೊಡವೆಯ ಪುಡಿಯಂತಹವೇ ಇದ್ದವು. ದೇಶದ ಅತ್ಯುನ್ನತ ನ್ಯಾಯಪೀಠ ಮುಖಕ್ಕೆ ಹಚ್ಚುವ ಪುಡಿಗಳ ಸ್ವರೂಪವನ್ನು ಒಂದೊಂದಾಗಿ ವಿಚಾರಿಸಿದ ಪ್ರಸಂಗವಿದು.

ಆ ವಿಚಾರಣೆಯಲ್ಲಿ ನೆಲೆಗೊಂಡ ಒರೆಗಲ್ಲುಗಳು ಎರಡು. ಸರಕಿನಲ್ಲಿರುವ ಪದಾರ್ಥಗಳು ಆಯುರ್ವೇದದ ಪ್ರಮಾಣಗ್ರಂಥಗಳಲ್ಲಿ ಹೇಳಿದವೇ? ಜನಸಾಮಾನ್ಯರು ಅದನ್ನು ಔಷಧವೆಂದು ತಿಳಿದು ಬಳಸುತ್ತಾರೆಯೇ? ರೂಪವನ್ನು ಹೆಚ್ಚಿಸಲೆಂದು ಬಳಸುವುದು ಪ್ರಸಾಧನ, ಬಾಧೆಯನ್ನು ನೀಗಲೆಂದು ಬಳಸುವುದು ಔಷಧ. 1940ರ ಔಷಧ ಮತ್ತು ಪ್ರಸಾಧನ ಕಾಯಿದೆಯೂ ಇದೇ ದಾರಿಯದು: ಮೈಗೆ ಉಜ್ಜಿ, ಸುರಿದು, ಸಿಂಪಡಿಸಿ ಶುಚಿಗೊಳಿಸಲು ಅಥವಾ ಅಂದಗೊಳಿಸಲು ಬಳಸುವುದು ಪ್ರಸಾಧನ. ಸುಂಕದ ಲೆಕ್ಕಕ್ಕಾಗಿ ಹುಟ್ಟಿದ ಈ ವಿವೇಚನೆ ನಮ್ಮ ಮನೆಯ ಕಪಾಟಿಗೂ ಬಹಳ ಉಪಯೋಗಿ. ಅದನ್ನೇ ಕರಿಯ ಲೇಪಕ್ಕೆ ಹಿಡಿದು ನೋಡೋಣ. ಕಂಪನಿಗಳು ಅದನ್ನು ಪ್ರಸಾಧನವೆಂದೇ ಮಾರುತ್ತವೆ. ಆದರೆ ಪೊಟ್ಟಣದ ಮೇಲೆ ‘ವಿಷ ಹೊರತೆಗೆಯುತ್ತದೆ’ ಎಂಬ ಔಷಧದ ಭಾಷೆಯಿರುತ್ತದೆ. ಒಂದು ಸಾಲಿನಲ್ಲಿ ನಿಂತು ಇನ್ನೊಂದು ಸಾಲಿನ ಮರ್ಯಾದೆ ಕೇಳುವುದು ಇದು.

ಆ ಭಾಷೆಗೆ ಆಧಾರ ದುರ್ಬಲವಾಗಿದೆ. ಹೊಟ್ಟೆಯಲ್ಲಿ ಇದ್ದಿಲು ವಿಷದೊಡನೆ ಬೆರೆಯುತ್ತದೆ. ಮುಖವಾಡದಲ್ಲಿ ಗಾಳಿ ಅದರ ಮೂಲಕವೇ ಹಾಯುತ್ತದೆ. ಶೋಧಕದಲ್ಲಿ ನೀರು ಅದರ ನಡುವೆ ಹರಿಯುತ್ತದೆ. 1958ರಿಂದ ನಾಗಪುರದಲ್ಲಿರುವ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ, ಅಂದರೆ ನಮ್ಮೂರಿನ ‘ನೀರಿ’, ಕೆಲಸ ಮಾಡುವ ನೀರು–ಗಾಳಿಗಳ ಕ್ಷೇತ್ರವೇ ಇದ್ದಿಲಿನ ನಿಜವಾದ ಕರ್ಮಭೂಮಿ. ಮುಖಲೇಪದಲ್ಲಿಯಾದರೋ ಇದ್ದಿಲು ಮಣ್ಣಿನೊಳಗೋ ಅಂಟಿನೊಳಗೋ ಸಿಕ್ಕಿಕೊಂಡಿರುತ್ತದೆ, ಚರ್ಮವನ್ನು ಮೇಲುಮೇಲಕ್ಕೆ ಮುಟ್ಟುತ್ತದೆ. ದೇಹದ ಕಶ್ಮಲವನ್ನು ಹೊರಹಾಕುವ ಕೆಲಸ ಯಕೃತ್ತು ಮತ್ತು ಮೂತ್ರಪಿಂಡಗಳದು. ಕೆನ್ನೆಯ ಮೂಲಕ ಅದನ್ನು ಎಳೆದು ತೆಗೆಯಬಹುದೆಂಬುದಕ್ಕೆ ಗಟ್ಟಿಯಾದ ವೈದ್ಯಕೀಯ ಪುರಾವೆಯಿಲ್ಲ. ಲೇಪದ ನಂತರ ಕಾಣುವ ನುಣುಪಿಗೆ ಜೇಡಿಮಣ್ಣು ಹೀರಿದ ಜಿಡ್ಡು, ಉಜ್ಜಿ ತೊಳೆದ ಸತ್ತ ಪದರ, ಮತ್ತು ಹದಿನೈದು ನಿಮಿಷದ ವಿಶ್ರಾಂತಿ ಬಹುಮಟ್ಟಿಗೆ ಸಾಕಾದ ಕಾರಣಗಳು.

ಹಾಗೆಂದು ಅದನ್ನು ಬಹಿಷ್ಕರಿಸಬೇಕಿಲ್ಲ. ಎಣ್ಣೆಚರ್ಮದವರಿಗೆ ವಾರಕ್ಕೊಮ್ಮೆ ತೊಳೆಯುವ ಬಗೆಯ ಲೇಪ ಹಿತವೆನಿಸಬಹುದು. ಮೊದಲು ಮುಂಗೈ ಒಳಬದಿಗೆ ಹಚ್ಚಿ ಒಂದು ದಿನ ಕಾಯುವುದು, ಪೂರ್ತಿ ಬಿರಿಯುವಷ್ಟು ಒಣಗಲು ಬಿಡದಿರುವುದು, ಕಣ್ಣು–ತುಟಿಗಳ ಸುತ್ತ ಜಾಗ ಬಿಡುವುದು, ತೊಳೆದ ಮೇಲೆ ತೇವ ಉಳಿಸುವ ಕ್ರೀಮು ಹಚ್ಚುವುದು ವಿವೇಕ. ಮೇ ತಿಂಗಳಲ್ಲಿ 45 ಡಿಗ್ರಿ ಮುಟ್ಟುವ ನಾಗಪುರದ ಒಣಗಾಳಿಯಲ್ಲಿ ಈ ಕೊನೆಯ ಮಾತು ಇನ್ನೂ ಮುಖ್ಯ. ಸಿಪ್ಪೆಯಂತೆ ಕಿತ್ತು ತೆಗೆಯುವ ಬಗೆ ಬೇರೆ. ಅದು ಜಿಡ್ಡಿನ ಜೊತೆ ನವಿರು ಕೂದಲನ್ನೂ ಆರೋಗ್ಯವಂತ ಚರ್ಮದ ಪದರವನ್ನೂ ಎಳೆದುಕೊಂಡು ಬರಬಲ್ಲದು. 2017ರ ಸುಮಾರಿಗೆ ಇದ್ದಿಲಪುಡಿಗೆ ಕೈಗಾರಿಕಾ ಅಂಟು ಬೆರೆಸಿ ಮುಖಕ್ಕೆ ಬಳಿದುಕೊಳ್ಳುವ ವಿಡಿಯೊಗಳು ಜಗತ್ತಿನಾದ್ಯಂತ ಹರಡಿದ್ದವು, ಚರ್ಮವೈದ್ಯರು ಎಚ್ಚರಿಸಬೇಕಾಯಿತು. ಒಲೆಯ ಇದ್ದಿಲನ್ನು ಕುಟ್ಟಿ ಹಚ್ಚುವುದೂ ಸಲ್ಲದು. ಅದು ಸಂಸ್ಕರಿಸಿದ ಪುಡಿಯಲ್ಲ, ಅದರ ಒರಟು ಕಣಗಳು ಚರ್ಮವನ್ನು ಗೀರುತ್ತವೆ.

ಇಷ್ಟು ಹೇಳಿ ಮುಗಿಸಿದರೆ ಚರಿತ್ರೆಯ ಅರ್ಧವನ್ನೇ ಹೇಳಿದಂತೆ. ತಾವಾಗಿ ಬಳಿದುಕೊಳ್ಳದಿದ್ದರೂ ಮುಖ ಕಪ್ಪಾದವರ ಸಾಲು ಉದ್ದವಾಗಿದೆ. ಇಂಗ್ಲಿಷ್ ಸಾಹಿತ್ಯ ಓದಿದವರಿಗೆ ವಿಲಿಯಂ ಬ್ಲೇಕ್ 1789ರಲ್ಲಿಯೂ 1794ರಲ್ಲಿಯೂ ಚಿತ್ರಿಸಿದ ಹೊಗೆಗೂಡು ಗುಡಿಸುವ ಹುಡುಗರು ನೆನಪಿರುತ್ತಾರೆ. ಅದಕ್ಕೂ ಮೊದಲೇ, 1775ರಲ್ಲಿ, ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ ಆ ಕೆಲಸಗಾರರ ಚರ್ಮದ ಕ್ಯಾನ್ಸರಿಗೆ ಮಸಿಯೇ ಕಾರಣವೆಂದು ಗುರುತಿಸಿದ್ದ. ಕಸುಬಿನಿಂದ ಬರುವ ಕ್ಯಾನ್ಸರಿನ ಮೊದಲ ದಾಖಲೆಯೆಂದು ಅದನ್ನು ಎಣಿಸುತ್ತಾರೆ. ಮಸಿ ಮತ್ತು ಸಂಸ್ಕರಿಸಿದ ಇದ್ದಿಲು ಒಂದಲ್ಲವೆಂಬುದನ್ನು ನಮ್ಮ ಹಿರಿಯರ ಪದಕೋಶ ಬಲ್ಲದು. ಒಂದು ಚರ್ಮವನ್ನು ತಿನ್ನುತ್ತದೆ, ಇನ್ನೊಂದು ಅದನ್ನು ಕಾಯುವುದಾಗಿ ಮಾತು ಕೊಡುತ್ತದೆ.

ದೂರದ ಲಂಡನ್ನಿಗೇ ಹೋಗಬೇಕಿಲ್ಲ. ಮಹಾರಾಷ್ಟ್ರದ ರಾಯಗಡ, ಠಾಣೆಯ ಕಾತಕರಿ ಸಮುದಾಯ ಹೆಸರು ಪಡೆದದ್ದು ಕಾಚು ತೆಗೆಯುವ ಕಸುಬಿನಿಂದ. ಕಾಡಿನ ಮೇಲಿನ ಹಕ್ಕು ಕೈತಪ್ಪಿದ ಮೇಲೆ ಆ ಸಮುದಾಯದ ಅನೇಕ ಕುಟುಂಬಗಳು ಮುಂಗಡದ ಸಾಲಕ್ಕೆ ಸಿಕ್ಕಿ ಇದ್ದಿಲಭಟ್ಟಿಗಳಿಗೆ ವಲಸೆ ಹೋಗುತ್ತ ಬಂದಿವೆ. ಆ ವಲಸೆಯ ದಾರಿ ಕರ್ನಾಟಕಕ್ಕೂ ಚಾಚಿದೆ. ಜೀತಪದ್ಧತಿಯನ್ನು ಕಾಯಿದೆ ರದ್ದು ಮಾಡಿದ್ದು 1976ರಲ್ಲಿ. ಭಟ್ಟಿಯ ಬಳಿ ತಿಂಗಳುಗಟ್ಟಲೆ ಹೊಗೆ ಕುಡಿಯುವ ಮುಖಗಳಿಗೆ ಹದಿನೈದು ನಿಮಿಷದ ನಂತರ ತೊಳೆದುಕೊಳ್ಳುವ ಸೌಕರ್ಯವಿಲ್ಲ. ಅವರು ಸುಡುವುದು ಮುಖಲೇಪದ ಇದ್ದಿಲಲ್ಲ, ಒಲೆ ಮತ್ತು ಕುಲುಮೆಯ ಇದ್ದಿಲು. ಆದರೂ ಕಪ್ಪನ್ನು ಸುಖವಾಗಿ ಮಾರುವ ಕಾಲದಲ್ಲಿ ಕಪ್ಪನ್ನು ದುಡಿಮೆಯಾಗಿ ಹೊತ್ತವರನ್ನು ಲೆಕ್ಕದಿಂದ ಬಿಡಲಾಗದು. ನಮ್ಮ ನಾಗಪುರವೇ ವೆಸ್ಟರ್ನ್ ಕೋಲ್‌ಫೀಲ್ಡ್ಸ್‌ನ ಕೇಂದ್ರಸ್ಥಾನ. ಊರಂಚಿನ ಕೊರಾಡಿ, ಖಾಪರ್‌ಖೇಡಾ ವಿದ್ಯುತ್ ಸ್ಥಾವರಗಳ ಹಾರುಬೂದಿ ಸುತ್ತಲಿನ ಹಳ್ಳಿಗಳ ಬಹುಕಾಲದ ದೂರು. ಅಲ್ಲಿನ ಮುಖಗಳಿಗೆ ಬೇಕಾದದ್ದು ಲೇಪಕ್ಕಿಂತ ಶುದ್ಧ ಗಾಳಿ.

ಇನ್ನೊಂದು ವಿಪರ್ಯಾಸವೂ ಉಳಿದಿದೆ. 1975ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ‘ಫೇರ್ ಅಂಡ್ ಲವ್ಲಿ’ ಬಿಳುಪನ್ನೇ ಗುಣವೆಂದು ಒಂದೆರಡು ತಲೆಮಾರಿಗೆ ಕಲಿಸಿ, 2020ರಲ್ಲಿ ಹೆಸರಿನಿಂದ ‘ಫೇರ್’ ಎಂಬುದನ್ನು ಕಳಚಿತು. ಕರಿಯ ಲೇಪ ಬಂದಾಗ ಕಪ್ಪಿಗೆ ಮರ್ಯಾದೆ ಬಂದಿತೇ ಎಂದು ಕೇಳಿಕೊಳ್ಳಬಹುದು. ಅನೇಕ ಜಾಹೀರಾತುಗಳಲ್ಲಿ ಕಪ್ಪು ಬರುವುದು ತೊಳೆದುಹೋಗಲೆಂದೇ. ಅದರ ಕೆಳಗಿನಿಂದ ಇನ್ನಷ್ಟು ಬೆಳ್ಳನೆಯ ಮುಖ ಹೊರಬರುವುದೇ ಆ ಕಥೆಯ ಕೊನೆಯ ಚಿತ್ರ. ಮಸಿಯ ನುಡಿಗಟ್ಟು ಹೊಸ ಬಟ್ಟೆ ತೊಟ್ಟಿದೆ, ಅಷ್ಟೆ.

ಆದ್ದರಿಂದ ಲೇಪ ಹಚ್ಚುವವರು ಹಚ್ಚಲಿ. ನಮ್ಮ ಹೆಣ್ಣುಮಕ್ಕಳು, ಈಗೀಗ ಗಂಡುಮಕ್ಕಳೂ, ಅದನ್ನು ಶುಚಿಗಾಗಿ, ಒಂದಿಷ್ಟು ಬಿಡುವಿಗಾಗಿ ಹಚ್ಚಿಕೊಂಡರೆ ಆಕ್ಷೇಪವೇನಿದೆ? ತಮ್ಮ ಬಣ್ಣವೇ ಕೊಳೆಯೆಂದು ನಂಬಿ ಹಚ್ಚಿಕೊಂಡರೆ ಮಾತ್ರ ನಾವು ಮಾತನಾಡಬೇಕು. ಇದ್ದಿಲು ಸಕ್ಕರೆಯ ಬಣ್ಣ ತೆಗೆಯಬಲ್ಲದು. ಮನುಷ್ಯರ ಬಣ್ಣ ತೆಗೆಯಬೇಕಾದ ಕಲ್ಮಶವೆಂದು ಯಾವ ರಸಾಯನಶಾಸ್ತ್ರವೂ ಹೇಳಿಲ್ಲ.