ಉಡುಗೊರೆಗೊಂದು ಉಡುಗೆ

'ಉಡುಗೊರೆ' ಎಂಬ ನಮ್ಮ ಮಾತಿನೊಳಗೇ 'ಉಡು' ಎಂಬುದು ಅಡಗಿರುವುದನ್ನು ನೀವು ಗಮನಿಸಿರಬಹುದು. ಉಡುವ ಬಟ್ಟೆಯನ್ನು ಕೊಟ್ಟು ಮನ್ನಿಸುವುದು ಆ ಮಾತಿನ ಹಳೆಯ ಅರ್ಥ. ಜಪಾನೀಯರಾದರೋ ಕೊಡುವ ಪದಾರ್ಥಕ್ಕೇ ಬಟ್ಟೆ ಉಡಿಸುವ ಪದ್ಧತಿಯನ್ನು ಬೆಳೆಸಿದರು. ಮಿತ್ರರ ಮನೆಗೆ ಒಯ್ಯುವ ಮದ್ಯದ ಸೀಸೆಗೂ ಅಲ್ಲಿ ಚಿತ್ತಾರದ ಉಡುಗೆಯುಂಟು. ಅದಕ್ಕೆ ಕತ್ತರಿ ಬೇಡ, ಸೂಜಿ ದಾರ ಬೇಡ. ಒಂದು ಚೌಕದ ಬಟ್ಟೆ, ಎರಡು ಗಂಟು, ಅಷ್ಟೆ. ಇದನ್ನು ಫುರೊಶಿಕಿ ಎನ್ನುತ್ತಾರೆ.

ಈ ಪದ್ಧತಿಯ ಬೇರು ಬಹು ಹಳೆಯದು. ಕ್ರಿ.ಶ. 756ರಲ್ಲಿ ಶೋಮು ಚಕ್ರವರ್ತಿ ತೀರಿಕೊಂಡಾಗ, ರಾಣಿ ಕೋಮ್ಯೋ ಆತನ ಪ್ರಿಯ ವಸ್ತುಗಳನ್ನು ನಾರಾ ನಗರದ ಮಹಾಬುದ್ಧನಿಗೆ ಅರ್ಪಿಸಿದಳು. ಅವು ಸೇರಿದ ಶೋಸೋಯಿನ್ ಭಂಡಾರದಲ್ಲಿ, ಬೆಲೆಬಾಳುವ ಸಾಮಗ್ರಿಗಳನ್ನು ಸುತ್ತಿಡುತ್ತಿದ್ದ ಬಟ್ಟೆಗಳೂ ಉಳಿದು ಬಂದಿವೆ.

ಹೆಸರು ಮಾತ್ರ ಬಂದುದು ಸ್ನಾನಗೃಹದಿಂದ. 'ಫುರೊ' ಎಂದರೆ ಸ್ನಾನ. 'ಶಿಕಿ' ಎಂದರೆ ಹಾಸುವುದು. ಎದೊ ಯುಗದಲ್ಲಿ, ಅಂದರೆ 1603ರಿಂದ 1868ರವರೆಗೆ, ಪಟ್ಟಣಗಳಲ್ಲಿ ಸಾರ್ವಜನಿಕ ಸ್ನಾನಗೃಹಗಳು ಹೆಚ್ಚಿದವು. ಜನ ಉಡುಪನ್ನು ಚೌಕದಲ್ಲಿ ಗಂಟು ಕಟ್ಟಿಡುವರು. ಸ್ನಾನವಾದ ಮೇಲೆ ಅದನ್ನೇ ಹಾಸಿ, ಮೇಲೆ ನಿಂತು ಉಟ್ಟುಕೊಳ್ಳುವರು. ವರ್ತಕರೂ ಸರಕನ್ನು ಇಂಥ ಬಟ್ಟೆಯಲ್ಲೇ ಹೊತ್ತರು. ಅಂಗಡಿಯ ಗುರುತನ್ನು ಅದರ ಮೇಲೆ ಮೂಡಿಸಿದರು.

ಇನ್ನು ಸೀಸೆಯ ಮಾತು. ಸಾಕೆ ಎಂಬುದು ಅಕ್ಕಿಯಿಂದ ಮಾಡುವ ಮದ್ಯ. ಹಿಂದೆ ಅದನ್ನು ಮರದ ಪೀಪಾಯಿಯಿಂದ ಅಳೆದು ಮಾರುತ್ತಿದ್ದರು. ಗಿರಾಕಿಗೆ ಅಂಗಡಿಯವನೇ ತನ್ನ ಹೆಸರು ಬರೆದ ಮಣ್ಣಿನ ಹೂಜಿಯನ್ನು ಎರವಲು ಕೊಡುವನು. ಬರಿದಾದ ಮೇಲೆ ಅದು ಅಂಗಡಿಗೆ ಹಿಂದಿರುಗುವುದು. 1901ರಲ್ಲಿ ಹಕುತ್ಸುರು ಎಂಬ ಸಂಸ್ಥೆ 1.8 ಲೀಟರಿನ ಗಾಜಿನ ಸೀಸೆಯಲ್ಲಿ ಸಾಕೆಯನ್ನು ಮಾರತೊಡಗಿತು. ಗಾಜು ಭಾರ; ಮೇಲಾಗಿ ಕೈಯಿಂದ ಜಾರುವಂಥದು. ಅದಕ್ಕೆ ಬಟ್ಟೆಯ ಉಡುಗೆ ಅಲಂಕಾರವೂ ಆಯಿತು, ಹಿಡಿಕೆಯೂ ಆಯಿತು.

ಕಟ್ಟುವ ಕ್ರಮ ಸುಲಭ. ಮುಕ್ಕಾಲು ಲೀಟರಿನ ಸೀಸೆಗೆ ಸುಮಾರು 75 ಸೆಂಟಿಮೀಟರಿನ ಚೌಕ ಸಾಕು. ಬಟ್ಟೆಯ ಒಂದು ಮೂಲೆ ನಿಮ್ಮತ್ತ ಬರುವಂತೆ ಹಾಸಿ, ನಡುವೆ ಸೀಸೆಯನ್ನು ನಿಲ್ಲಿಸಿರಿ. ನಿಮ್ಮತ್ತಣ ಮೂಲೆಯನ್ನೂ ಅದರ ಎದುರಿನ ಮೂಲೆಯನ್ನೂ ಸೀಸೆಯ ತಲೆಯ ಮೇಲೆ ಗಂಟು ಹಾಕಿರಿ. ಎಡಬಲದ ತುದಿಗಳನ್ನು ಸೀಸೆಯ ಹಿಂದೆ ಒಂದರ ಮೇಲೊಂದು ಹಾಯಿಸಿ, ಮುಂದಕ್ಕೆ ತಂದು, ನಡುಕಟ್ಟಿನಂತೆ ಬಿಗಿಯಿರಿ. ಮೇಲಿನ ತುದಿಗಳನ್ನು ಹುರಿಮಾಡಿ ಮತ್ತೆ ಗಂಟಿಕ್ಕಿದರೆ ಹಿಡಿಕೆ ಸಿದ್ಧ. ಸೀಸೆಯೊಳಗೆ ಹಣ್ಣಿನ ಪಾನಕವೇ ಇರಲಿ, ಅಡ್ಡಿಯಿಲ್ಲ!

ಇದರ ಸ್ವಾರಸ್ಯ ಕಟ್ಟುವುದರಲ್ಲಷ್ಟೇ ಇಲ್ಲ, ಬಿಚ್ಚುವುದರಲ್ಲೂ ಇದೆ. ಅತಿಥಿ ಆತಿಥೇಯನ ಎದುರಿಗೆ ಗಂಟು ಬಿಚ್ಚಿ, ಪದಾರ್ಥವನ್ನು ಒಪ್ಪಿಸಿ, ಬಟ್ಟೆಯನ್ನು ಮಡಿಸಿ ತನ್ನೊಡನೆ ಒಯ್ಯುವುದು ಅಲ್ಲಿನ ಹಳೆಯ ಮರ್ಯಾದೆ. ಸಾಕೆಯ ಹೂಜಿಯಂತೆ ಬಟ್ಟೆಯೂ ಮನೆಗೆ ಮರಳುವುದು. ಈಚೆಗೆ ಬಟ್ಟೆಯನ್ನೂ ಉಡುಗೊರೆಯೊಡನೆ ಬಿಟ್ಟು ಬರುವುದುಂಟು.

ಎರಡನೆಯ ಮಹಾಯುದ್ಧದ ನಂತರ ಕಾಗದದ ಚೀಲ, ಪ್ಲಾಸ್ಟಿಕ್ ಚೀಲಗಳು ಬಂದು ಫುರೊಶಿಕಿ ಮೂಲೆಗೆ ಸರಿಯಿತು. ಕಸದ ರಾಶಿ ಬೆಳೆದಾಗ ಮತ್ತೆ ಅದರ ನೆನಪಾಯಿತು. 2006ರಲ್ಲಿ ಪರಿಸರ ಸಚಿವೆಯಾಗಿದ್ದ ಯುರಿಕೊ ಕೊಯಿಕೆ, ಬಳಸಿದ ಪ್ಲಾಸ್ಟಿಕ್ ಸೀಸೆಗಳಿಂದ ತೆಗೆದ ನೂಲಿನಲ್ಲಿ ಒಂದು ಫುರೊಶಿಕಿಯನ್ನು ಮಾಡಿಸಿದರು. 'ಮೊತ್ತಾಯ್ನಾಯ್', ಎಂದರೆ 'ಹಾಳಾಗಬಾರದು, ವ್ಯರ್ಥವಾಗಬಾರದು' ಎಂಬ ಹೆಸರನ್ನು ಅದಕ್ಕೆ ಇಟ್ಟರು. ಒಂದು ಕಾಲಕ್ಕೆ ಸೀಸೆಗೆ ಬಟ್ಟೆ ಉಡಿಸಿದವರ ನಾಡಿನಲ್ಲಿ ಸೀಸೆಯೇ ಬಟ್ಟೆಯಾಗಿ ಬಂದಿತು!

ಹೊಲಿದ ಚೀಲ ಎಂದೆಂದಿಗೂ ಚೀಲವೇ. ಗಂಟು ಬಿಚ್ಚಿದ ಫುರೊಶಿಕಿಯಾದರೋ ಮತ್ತೆ ಬರಿಯ ಚೌಕ. ಇಂದು ಸೀಸೆಗೆ ಉಡುಗೆಯಾದದ್ದು ನಾಳೆ ಪುಸ್ತಕಕ್ಕೆ ಹೊದಿಕೆ, ನಾಡಿದ್ದು ಬುತ್ತಿಯ ಗಂಟು. ನಿಮ್ಮ ಪೆಟ್ಟಿಗೆಯ ತಳದಲ್ಲಿಯೂ ಅಂಥದೊಂದು ಬಟ್ಟೆ ಇದ್ದೀತು, ಹುಡುಕಿ ನೋಡಿರಿ.